ಟೈಲರಮ್ಮ ಎತ್ತಿದ ಕೈ

ಪುರಸಭೆಯ ಕಾಗದಪತ್ರಗಳಲ್ಲಿ ಆಕೆ ಹತ್ತೊಂಬತ್ತನೇ ವಾರ್ಡಿನ ಮಾನ್ಯ ಸದಸ್ಯೆ. ಊರಿನವರ ಬಾಯಲ್ಲಿ ಮಾತ್ರ ಅಂದೂ ಇಂದೂ ಟೈಲರಮ್ಮ. ರೈಲು ಹಳಿಯಾಚೆಯ ಬಡಾವಣೆಯ ಮೂರನೇ ಬೀದಿಯಲ್ಲಿ ಆಕೆಯದು ಒಂದೇ ಕೋಣೆಯ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಒಂದು ಉದ್ದನೆಯ ಮೇಜು, ಗೋಡೆಯ ಮೊಳೆಗಳಿಗೆ ಸಾಲಾಗಿ ನೇತುಹಾಕಿದ ಶಾಲೆಯ ಅಂಗಿಗಳು. ಮದುವೆಯಾದ ಎರಡನೇ ವರ್ಷ ಮರದ ಮಿಲ್ಲಿನಲ್ಲಿ ಗಂಡನ ಬಲಗೈಯ ಎರಡು ಬೆರಳು ಹೋದವು. ಮಿಲ್ಲಿನವರು ಆತನನ್ನು ಗರಗಸದ ಮುಂದಿನಿಂದ ಎಬ್ಬಿಸಿ ಕಾವಲಿಗೆ ಕೂರಿಸಿದರು. ಆವತ್ತಿನಿಂದ ಮನೆಯ ಭಾರ ಹೊಲಿಗೆ ಯಂತ್ರದ ಮೇಲೆ ಬಿತ್ತು. ಆಕೆ ಅದಕ್ಕೆ ಅತ್ತವಳಲ್ಲ, ಕರೆದವಳಲ್ಲ. ಹಳಿಯೀಚೆಯ ಎರಡು ಶಾಲೆಗಳ ಸಮವಸ್ತ್ರದ ಕೆಲಸ ಹಿಡಿದು, ವರ್ಷಕ್ಕೆ ಎಂಟುನೂರು ಅಂಗಿ ಹೊಲಿದು ಕೊಡುವಷ್ಟು ಕೈ ಕುದುರಿಸಿಕೊಂಡಳು.

ಆಕೆಯ ಜೊತೆ ಕೆಲಸಕ್ಕಿದ್ದವಳು ಕಾಜಕ್ಕ. ಅಂಗಿಗೆ ಕಾಜಾ ಹೊಲಿಯುವುದು, ಗುಂಡಿ ಹಾಕುವುದು ಅವಳ ಕೆಲಸ. ಅದೇ ಅವಳ ಹೆಸರೂ ಆಗಿಹೋಗಿತ್ತು. ಟೈಲರಮ್ಮನಿಗಿಂತ ಹತ್ತು ವರ್ಷ ದೊಡ್ಡವಳು, ಗಂಡ ಇಲ್ಲ, ಒಬ್ಬಳೇ ಮಗಳು. ಎಡಗಿವಿ ಚಿಕ್ಕಂದಿನಿಂದಲೇ ಕೇಳುತ್ತಿರಲಿಲ್ಲ. ಯಾರಾದರೂ ಆ ಕಡೆಯಿಂದ ಕರೆದು, ಉತ್ತರ ಬರಲಿಲ್ಲವೆಂದು ಮುಖ ಗಂಟಿಕ್ಕಿದರೆ, "ಈ ಕಿವಿ ಸರ್ಕಾರದ್ದು. ಎಷ್ಟು ಅರ್ಜಿ ಕೊಟ್ರೂ ಕೇಳಲ್ಲ. ಆ ಕಡೆಯಿಂದ ಬನ್ನಿ" ಎನ್ನುತ್ತಿದ್ದಳು. ನಕ್ಕರೆ ಇಡೀ ಅಂಗಡಿ ಅಲುಗುವ ಹಾಗೆ ನಗುವ ಹೆಂಗಸು.

ಟೈಲರಮ್ಮ ಚುನಾವಣೆಗೆ ನಿಂತದ್ದು ಕಾಜಕ್ಕನ ಕಾಟಕ್ಕೆ. ರೈಲ್ವೆ ಗೇಟಿನಿಂದ ಬಡಾವಣೆಗೆ ಬರುವ ದಾರಿಯಲ್ಲಿ ಹನ್ನೊಂದು ದೀಪದ ಕಂಬಗಳಿದ್ದವು. ಮೂರು ವರ್ಷದಿಂದ ಒಂದೂ ಉರಿದಿರಲಿಲ್ಲ. ಗಾರ್ಮೆಂಟ್ಸ್ ಕಾರ್ಖಾನೆಯಿಂದ ಕತ್ತಲಾದ ಮೇಲೆ ಬರುವ ಹುಡುಗಿಯರು ಗೇಟಿನ ಹತ್ತಿರ ಒಬ್ಬರಿಗೊಬ್ಬರು ಕಾದು ಗುಂಪು ಕಟ್ಟಿಕೊಂಡು ಬರಬೇಕಾಗಿತ್ತು. ಟೈಲರಮ್ಮ ಅಳತೆ ಪುಸ್ತಕದ ಹಾಳೆ ಹರಿದು ಅದರಲ್ಲೇ ಮನವಿ ಬರೆದಳು. ಅರವತ್ತು ಜನ ಹೆಂಗಸರನ್ನು ಕರೆದುಕೊಂಡು ಹೋಗಿ ಪುರಸಭೆಯ ಮೆಟ್ಟಿಲ ಮೇಲೆ ಕುಳಿತಳು. ಸುಮ್ಮನೆ ಕೂರುವುದು ಯಾಕೆಂದು ಕಾಜಕ್ಕ ಬಟ್ಟೆಯ ಗಂಟನ್ನೂ ಹೊತ್ತು ತಂದಿದ್ದಳು. ಘೋಷಣೆ ಇಲ್ಲ, ಭಾಷಣ ಇಲ್ಲ. ಅರವತ್ತು ಜನ ತಲೆ ತಗ್ಗಿಸಿಕೊಂಡು ಅಂಗಿಗಳಿಗೆ ಗುಂಡಿ ಹಾಕುತ್ತಾ ಕೂತುಬಿಟ್ಟರು. ದಾಟಿ ಹೋಗಲು ದಾರಿಯಿಲ್ಲದೆ ಅಧಿಕಾರಿಗಳು ಹಿಂಬಾಗಿಲಿನಿಂದ ಓಡಾಡಬೇಕಾಯಿತು. ಮೂರನೇ ದಿನ ಹನ್ನೊಂದು ದೀಪಗಳೂ ಉರಿದವು.

"ನೋಡಿದ್ಯಾ, ಮೆಟ್ಟಿಲ ಮೇಲೆ ಕೂತಿದ್ದಕ್ಕೆ ಇಷ್ಟಾಯ್ತು" ಎಂದಳು ಕಾಜಕ್ಕ. "ಒಳಗೆ ಕೂತ್ರೆ ಎಷ್ಟಾಗಬೇಡ!"

ಚುನಾವಣೆಯಲ್ಲಿ ಟೈಲರಮ್ಮ ನಲವತ್ತೊಂದು ಮತದಿಂದ ಗೆದ್ದಳು. ಮನೆಗೆ ಬಂದು ಹೇಳಿದಾಗ ಅತ್ತೆ ಕನ್ನಡಕ ಸರಿಮಾಡಿಕೊಂಡು, "ಅಂದ್ರೆ ನಲವತ್ತೊಂದು ಜನಕ್ಕೆ ನಿನ್ನ ಹೊಲಿಗೆ ಸರಿಯಾಗಿ ಕೂತಿದೆ. ಮಿಕ್ಕೋರಿಗೆ ಕಂಕುಳ ಹತ್ರ ಬಿಗಿ" ಎಂದರು. ಕಾಜಕ್ಕ ನಕ್ಕು ನಕ್ಕು ನೆಲಕ್ಕೆ ಕುಳಿತಳು.

ಪುರಸಭೆಯ ಸಭಾಂಗಣ ಮಹಡಿಯ ಮೇಲಿತ್ತು. ಕುದುರೆ ಲಾಳದ ಆಕಾರದ ಮೇಜು, ಇಪ್ಪತ್ತಮೂರು ಕುರ್ಚಿ, ಪ್ರತಿ ಕುರ್ಚಿಯ ಮುಂದೆ ಬಗ್ಗಿದ ಕತ್ತಿನ ಮೈಕು. ಟೈಲರಮ್ಮನಿಗೆ ಸಿಕ್ಕಿದ್ದು ಬಾಗಿಲ ಪಕ್ಕದ ಕೊನೆಯ ಕುರ್ಚಿ. ಅವಳ ಮೈಕಿನ ಕೆಂಪು ದೀಪ ಉರಿಯುತ್ತಿತ್ತು, ದನಿ ಮಾತ್ರ ಹೊರಡುತ್ತಿರಲಿಲ್ಲ. ಮೊದಲ ಸಭೆಗೆ ಅವಳು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಹೊಸ ನೋಟುಪುಸ್ತಕ ಹಿಡಿದು ಹೋಗಿದ್ದಳು. ಸಭಾ ಗುಮಾಸ್ತ ಎದ್ದುನಿಂತು ವಿಷಯ ಸಂಖ್ಯೆ, ತಲೆಬರಹ ಓದುತ್ತಾನೆ. ಅಧ್ಯಕ್ಷರ ಪಕ್ಕದ ಕುರ್ಚಿಯಿಂದ ಹಿರಿಯ ಸದಸ್ಯರೊಬ್ಬರು ತಲೆಯೆತ್ತದೆ "ಪಾಸ್" ಎನ್ನುತ್ತಾರೆ. ಅಧ್ಯಕ್ಷರು ಮೇಜು ತಟ್ಟುತ್ತಾರೆ. ಮುಂದಿನ ವಿಷಯ. ಐದು ಸಲ ಗೆದ್ದ ಆ ಹಿರಿಯರಿಗೆ ಲಾರಿಗಳ ವ್ಯವಹಾರ. ಊರು ಅವರಿಗಿಟ್ಟ ಹೆಸರು ಪಾಸಣ್ಣ. ಆವತ್ತು ಐವತ್ತು ನಿಮಿಷದಲ್ಲಿ ನಲವತ್ತೆರಡು ವಿಷಯಗಳು ಮುಗಿದವು. ಒಂದು ಅಂಗಿಯ ಕಾಲರು ಕೂರಿಸಲು ತನಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕಲ್ಲ ಎಂದು ಟೈಲರಮ್ಮನಿಗೆ ಅನ್ನಿಸಿತು. ನೋಟುಪುಸ್ತಕದಲ್ಲಿ ಮೂರು ಸಾಲು ಬರೆಯುವಷ್ಟರಲ್ಲಿ ಬಿಸ್ಕತ್ತು, ಚಹಾ ಬಂದಿತ್ತು.

ಕ್ರಮೇಣ ಅವಳು ಕಲಿತಳು. ಮೈಕು ಇಲ್ಲದಿದ್ದರೂ ಕೇಳುವ ಹಾಗೆ ದನಿಯೆತ್ತುವುದು ಹೇಗೆ, ಇಂಜಿನಿಯರನ್ನು ಕೊಠಡಿಯಲ್ಲಿ ಹಿಡಿಯುವುದು ಯಾವ ಹೊತ್ತಿನಲ್ಲಿ, ಯಾವ ಕಡತ ಯಾರ ಮೇಜಿನಲ್ಲಿ ಮಲಗುತ್ತದೆ ಎಂಬುದನ್ನೆಲ್ಲ ಕಲಿತಳು. ಅವಳ ಬೀದಿಯ ದೊಡ್ಡ ತಾಪತ್ರಯವೆಂದರೆ ಚರಂಡಿ. ಮೂರನೇ ಬೀದಿಯಲ್ಲಿ ಕೊಳಚೆ ನೀರು ಹರಿಯಲು ಜಾಗವಿಲ್ಲದೆ ಮನೆಗಳ ಹೊಸ್ತಿಲಿಗೇ ನಿಲ್ಲುತ್ತಿತ್ತು. ಮಕ್ಕಳಿಗೆ ಜ್ವರ ತಪ್ಪಿದ್ದಲ್ಲ. ಒಂದು ವರ್ಷ ಅಲೆದಾಡಿದ ಮೇಲೆ ಚರಂಡಿಯ ಪ್ರಸ್ತಾವ ಸಭೆಗೆ ಬಂತು. ವಿಷಯ ಸಂಖ್ಯೆ ಮೂವತ್ತೊಂದು.

ಅದೇ ಸಭೆಯಲ್ಲಿ ವಿಷಯ ಸಂಖ್ಯೆ ಇಪ್ಪತ್ತೇಳೂ ಇತ್ತು. ರೈಲ್ವೆಯವರ ಪತ್ರ. ಒಂಟಿ ಹಳಿ ಇದ್ದಲ್ಲಿ ಜೋಡಿ ಹಳಿ ಹಾಕುತ್ತಾರೆ, ಆದ್ದರಿಂದ ಬಡಾವಣೆಯ ಗೇಟನ್ನು ಕಾಯಂ ಆಗಿ ಮುಚ್ಚುತ್ತಾರೆ, ಜನರ ಓಡಾಟಕ್ಕೆ ಮುಂದೆ ಕೆಳಸೇತುವೆ ಕಟ್ಟಿಕೊಡುತ್ತಾರೆ, ಇದಕ್ಕೆ ಪುರಸಭೆಯ ಒಪ್ಪಿಗೆ ಬೇಕು. ಗುಮಾಸ್ತ ಓದಿ ಮುಗಿಸುವ ಮೊದಲೇ ಪಾಸಣ್ಣ "ಪಾಸ್" ಎಂದಾಗಿತ್ತು.

ಟೈಲರಮ್ಮ ಎದ್ದುನಿಂತಳು. "ಪಾಸ್ ಆಗಕ್ಕೆ ಬಿಡಲ್ಲ. ಮೊದಲು ಕೆಳಸೇತುವೆ ಕಟ್ಲಿ, ಆಮೇಲೆ ಗೇಟು ಮುಚ್ಲಿ. ಶಾಲೆ, ಆಸ್ಪತ್ರೆ, ಮಾರ್ಕೆಟ್ಟು, ಕಾರ್ಖಾನೆ ಎಲ್ಲಾ ಈ ಕಡೆ ಇದೆ. ನಮ್ಮ ಜನ ದಾಟೋದೆಲ್ಲಿ?"

"ಕಟ್ತಾರಮ್ಮ, ಪತ್ರದಲ್ಲೇ ಇದೆಯಲ್ಲ" ಎಂದರು ಅಧ್ಯಕ್ಷರು.

"ಯಾವಾಗ ಅಂತ ಇಲ್ಲವಲ್ಲ ಸಾರ್."

ಅಧ್ಯಕ್ಷರು ಗಡಿಯಾರ ನೋಡಿದರು. ಮಧ್ಯಾಹ್ನ ಒಂದೂವರೆ. ನಾಲ್ಕೈದು ಕುರ್ಚಿಗಳು ಆಗಲೇ ಕಿರುಗುಟ್ಟುತ್ತಿದ್ದವು. "ಸರಿ, ಒಂದು ಷರತ್ತು ಸೇರಿಸ್ಕೊಳ್ರಿ" ಎಂದು ಅವರು ಗುಮಾಸ್ತನಿಗೆ ಹೇಳಿದರು. "ಕೆಳಸೇತುವೆ ಆಗೋವರೆಗೂ ಗೇಟು ಮುಚ್ಚಬಾರದು ಅಂತ. ಆಯ್ತೇನಮ್ಮ?"

ಗುಮಾಸ್ತ ಬರೆದುಕೊಂಡ. ಬರೆದದ್ದನ್ನು ಓದಿ ಹೇಳಿ ಎಂದು ಕೇಳಬೇಕೆಂದು ಟೈಲರಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಪಾಸಣ್ಣ ಕುರ್ಚಿ ತಿರುಗಿಸಿ, ಮನೆಯ ಹಿರಿಯರು ಬುದ್ಧಿ ಹೇಳುವ ದನಿಯಲ್ಲಿ, "ತಾಯಿ, ನಿಮ್ಮ ಚರಂಡಿ ಮೂವತ್ತೊಂದನೇದು. ಎಲ್ಲರಿಗೂ ಹೊಟ್ಟೆ ಹಸೀತಿದೆ. ಹೀಗೇ ಒಬ್ಬೊಬ್ಬರಾಗಿ ಎದ್ದು ಹೋದ್ರೆ ಕೋರಂ ಇಲ್ಲ ಅಂತ ಸಭೆ ಮುಗಿಸ್ತಾರೆ. ಆಮೇಲೆ ಚರಂಡಿ ಮುಂದಿನ ವರ್ಷಕ್ಕೆ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಆಗಲೇ ಇಬ್ಬರು ಬಾಗಿಲ ಹತ್ತಿರ ನಿಂತಿದ್ದರು.

"ಇಪ್ಪತ್ತೇಳಕ್ಕೆ ಒಪ್ಪಿಗೆ ಇರೋರು ಕೈ ಎತ್ತಿ" ಎಂದರು ಅಧ್ಯಕ್ಷರು. ಎಲ್ಲ ಕೈಗಳೂ ಮೇಲೆದ್ದವು. ಟೈಲರಮ್ಮ ಒಂದು ಕ್ಷಣ ತಡೆದಳು. ಆಮೇಲೆ ಅವಳೂ ಎತ್ತಿದಳು. ಎರಡು ನಿಮಿಷದಲ್ಲಿ ಚರಂಡಿಯೂ ಪಾಸಾಯಿತು.

ಮುಂದಿನ ತಿಂಗಳ ಸಭೆಯಲ್ಲಿ ಹಿಂದಿನ ಸಭೆಯ ನಡಾವಳಿ ಪುಸ್ತಕ ಸಹಿಗಾಗಿ ಕೈಯಿಂದ ಕೈಗೆ ಬಂತು. ಹದಿನಾಲ್ಕು ಪುಟ. ಆ ಹೊತ್ತಿಗೆ ಟೈಲರಮ್ಮ ಇಂಜಿನಿಯರ ಹತ್ತಿರ ಚರಂಡಿಯ ಇಳಿಜಾರು ಎತ್ತ ಕಡೆಗಿರಬೇಕೆಂದು ಮಾತಾಡುತ್ತಿದ್ದಳು. ಮಾತಿನ ನಡುವೆಯೇ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ತನ್ನ ಗುಂಡಗಿನ ಅಕ್ಷರದಲ್ಲಿ ಸಹಿ ಹಾಕಿ ಮುಂದಕ್ಕೆ ದಾಟಿಸಿದಳು.

ಚರಂಡಿ ಆಯಿತು. ಒಳ್ಳೆಯ ಚರಂಡಿಯೇ ಆಯಿತು, ಮೇಲೆ ಚಪ್ಪಡಿಯನ್ನೂ ಹಾಸಿದರು. ಬೀದಿಯ ಹೆಂಗಸರು ಆಕೆಯ ಕೈ ಹಿಡಿದು ಕುಲುಕಿದರು. ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಕಾರ್ಖಾನೆಗೆ ಹೊರಟವರು ನೋಡಿದರೆ, ಗೇಟಿದ್ದ ಜಾಗದಲ್ಲಿ ನೆಲಕ್ಕೆ ಹಳೆಯ ಹಳಿಯ ತುಂಡುಗಳನ್ನು ನೆಟ್ಟು, ಅಡ್ಡಕ್ಕೆ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿದ್ದರು. ಗೇಟಿನವನ ಗೂಡಿಗೆ ಬೀಗ. ಕೆಳಸೇತುವೆಯ ಸುಳಿವೇ ಇಲ್ಲ.

ಟೈಲರಮ್ಮ ಅಧ್ಯಕ್ಷರ ಕೊಠಡಿಗೆ ಓಡಿದಳು. "ವಿಚಾರಿಸ್ತೀನಿ" ಎಂದರು. ರೈಲ್ವೆ ಕಚೇರಿಗೆ ಹೋದಳು. "ನಕ್ಷೆ ಮೇಲಿನ ಕಚೇರೀಲಿದೆ" ಎಂದರು. ಪತ್ರದ ಮೇಲೆ ಪತ್ರ ಬರೆದಳು. ಷರತ್ತು ಇದೆಯಲ್ಲ ಎಂಬ ಧೈರ್ಯ ಅವಳಿಗೆ. ಆ ಷರತ್ತನ್ನು ಪುಸ್ತಕ ತೆರೆದು ನೋಡಬೇಕೆಂದು ಮಾತ್ರ ಹೊಳೆಯಲಿಲ್ಲ. ಜನ ಕಾಯುತ್ತಾ ಕೂರಲಿಲ್ಲ. ರಸ್ತೆಯ ಮೇಲ್ಸೇತುವೆ ಬಳಸಿ ಹೋದರೆ ಮುಕ್ಕಾಲು ಗಂಟೆಯ ನಡಿಗೆ. ಹಳಿ ದಾಟಿದರೆ ಐದು ನಿಮಿಷ. ನೆಟ್ಟ ಕಂಬಿಗಳ ಪಕ್ಕದಲ್ಲಿ ಒಂದು ಸಂದು ಬಿದ್ದಿತು. ಕಾಲುದಾರಿಯೂ ಮೂಡಿತು. ಅಷ್ಟರಲ್ಲಿ ಎರಡನೇ ಹಳಿಯ ಮೇಲೂ ರೈಲು ಓಡತೊಡಗಿತು.

"ಅಕ್ಕಾ, ನೀನು ಮಾತ್ರ ಸೇತುವೆ ಮೇಲೇ ಹೋಗು" ಎಂದು ಟೈಲರಮ್ಮ ಕಾಜಕ್ಕನಿಗೆ ದಿನಾ ಹೇಳುತ್ತಿದ್ದಳು.

"ಹೋಗ್ತೀನಿ ಹೋಗ್ತೀನಿ. ಮೆಂಬರಮ್ಮನ ಆಜ್ಞೆ."

ಶಾಲೆಗಳು ಶುರುವಾಗುವ ವಾರ ಅದು. ಮೂವತ್ತೆರಡು ಅಂಗಿ ಹತ್ತು ಗಂಟೆಯೊಳಗೆ ಶಾಲೆಯ ಕಚೇರಿಗೆ ತಲುಪಬೇಕಿತ್ತು. ಹತ್ತಕ್ಕೆ ಇಪ್ಪತ್ತು ನಿಮಿಷವಿದ್ದಾಗ ಕೊನೆಯ ಅಂಗಿಯ ಕೊನೆಯ ಗುಂಡಿ ಮುಗಿಯಿತು. ಕಾಜಕ್ಕ ಹಲ್ಲಿನಿಂದ ದಾರ ಕಡಿದು, ಗಂಟು ಕಟ್ಟಿ, ಎಡಗಡೆ ಹೆಗಲಿಗೇರಿಸಿಕೊಂಡು ಎದ್ದಳು. ಟೈಲರಮ್ಮ ಯಂತ್ರದಿಂದ ತಲೆಯೆತ್ತದೆ, "ಬೇಗ ಕೊಟ್ಟು ಬಾ ಅಕ್ಕ" ಎಂದಳು. ದಿನಾ ಹೇಳುವ ಇನ್ನೊಂದು ಮಾತನ್ನು ಆವತ್ತು ಹೇಳಲಿಲ್ಲ. ಸೇತುವೆ ಬಳಸಿ ಹೋದರೆ ಹೊತ್ತಿಗೆ ತಲುಪುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನೋಡಿದವರು ಆಮೇಲೆ ಹೇಳಿದರು. ಕಾಜಕ್ಕ ಅವಸರ ಮಾಡಲಿಲ್ಲವಂತೆ. ಸಂದಿನ ಬಳಿ ನಿಂತು, ಮೊದಲ ಹಳಿಯ ಗೂಡ್ಸ್ ರೈಲು ಪೂರ್ತಿ ಹೋಗುವವರೆಗೆ ಕಾದಳಂತೆ. ಕೊನೆಯ ಡಬ್ಬಿ ದಾಟಿದೊಡನೆ ಹೆಜ್ಜೆಯಿಟ್ಟಳು. ಎರಡನೇ ಹಳಿಯಲ್ಲಿ ಎಡಗಡೆಯಿಂದ ಇನ್ನೊಂದು ರೈಲು ಬರುತ್ತಿತ್ತು. ಅದರ ಕೂಗು ಊರಿಗೆಲ್ಲ ಕೇಳಿಸಿತು.

ಟೈಲರಮ್ಮ ಕತ್ತಿಗೆ ಸುತ್ತಿಕೊಂಡ ಅಳತೆ ಟೇಪಿನೊಂದಿಗೇ ಓಡಿಹೋದಳು. ಅಷ್ಟರಲ್ಲಿ ಯಾರೋ ಮೇಲೆ ಬಟ್ಟೆ ಹೊದಿಸಿದ್ದರು. ಜಲ್ಲಿಯ ಮೇಲೆ ಉದ್ದಕ್ಕೂ ಬಿಳಿ ಅಂಗಿಗಳು ಚೆಲ್ಲಿದ್ದವು. ತರಕಾರಿ ಮಾರುವ ಒಬ್ಬ ಮುದುಕ ಅವನ್ನು ಒಂದೊಂದಾಗಿ ಎತ್ತಿ, ದೂಳು ಕೊಡವಿ, ಮಡಿಸಿ ಇಡುತ್ತಿದ್ದ. ಯಾಕೆ ಹಾಗೆ ಮಾಡುತ್ತಿದ್ದಾನೆಂದು ಅವನಿಗೂ ತಿಳಿದಿದ್ದಂತಿರಲಿಲ್ಲ. ಟೈಲರಮ್ಮ ಅವನ ಪಕ್ಕದಲ್ಲಿ ಕುಳಿತು ತಾನೂ ಮಡಿಸತೊಡಗಿದಳು. ಪೊಲೀಸರು ಬಂದು ಎಬ್ಬಿಸುವವರೆಗೆ ಕೈ ನಿಲ್ಲಿಸಲಿಲ್ಲ.

ಮೂರನೇ ದಿನ ರೈಲ್ವೆಯವರ ಹೇಳಿಕೆ ಬಂತು. ಅಕ್ರಮವಾಗಿ ಹಳಿ ದಾಟುವಾಗ ಆದ ಸಾವು, ಗೇಟನ್ನು ಮುಚ್ಚಿದ್ದು ಪುರಸಭೆಯ ಸರ್ವಾನುಮತದ ಒಪ್ಪಿಗೆ ಪಡೆದೇ. ಬಡಾವಣೆಯ ಜನ ಅಂಗಡಿಯ ಮುಂದೆ ಬಂದು ನಿಂತರು. ಯಾರೂ ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ತನ್ನ ಪಕ್ಕದಲ್ಲಿ ಕುಳಿತಿದ್ದ ಹೆಂಗಸರೇ ಅವರು. ಅವರಲ್ಲೊಬ್ಬಳು ಕೇಳಿದಳು: "ಸರ್ವಾನುಮತ ಅಂದ್ರೆ ಎಲ್ಲರೂ ಅಂತ ತಾನೇ? ನೀವೂ?"

"ಷರತ್ತು ಹಾಕಿಸಿದ್ದೆ. ತೋರಿಸ್ತೀನಿ" ಎಂದು ಟೈಲರಮ್ಮ ಪುರಸಭೆಗೆ ಹೋದಳು.

ಸಭಾ ಗುಮಾಸ್ತ ನಡಾವಳಿ ಪುಸ್ತಕ ತೆಗೆದು ಮುಂದಿಟ್ಟ. ವಿಷಯ ಸಂಖ್ಯೆ ಇಪ್ಪತ್ತೇಳು. ಅದರ ಕೆಳಗೆ ಒಂದೇ ಸಾಲು: "ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು." ಅವಳು ಹಾಳೆ ಮಗುಚಿ ನೋಡಿದಳು. ಹಿಂದಕ್ಕೆ ತಿರುಗಿಸಿ ನೋಡಿದಳು. ಷರತ್ತು ಎಲ್ಲೂ ಇರಲಿಲ್ಲ. ಕೊನೆಯ ಪುಟದಲ್ಲಿ ಸಹಿಗಳ ಸಾಲಿನಲ್ಲಿ ಹತ್ತೊಂಬತ್ತನೆಯದು ಅವಳದೇ, ಗುಂಡಗೆ, ಸ್ಪಷ್ಟವಾಗಿ.

"ನೀವು ಬರ್ಕೊಂಡಿದ್ರಲ್ಲ" ಎಂದಳು.

ಗುಮಾಸ್ತ ಬಾಗಿಲ ಕಡೆ ನೋಡಿದ. "ಕರಡಲ್ಲಿ ಇತ್ತಮ್ಮ. ಷರತ್ತು ಇದ್ರೆ ರೈಲ್ವೆಯವರು ವಾಪಸ್ ಕಳಿಸ್ತಾರೆ, ಹೊಡೆದು ಹಾಕಿ ಅಂದ್ರು."

"ಯಾರು ಅಂದ್ರು?"

"ನನಗಿನ್ನೂ ಎರಡು ವರ್ಷ ಸರ್ವೀಸಿದೆ" ಎಂದ ಆತ. ಪುಸ್ತಕ ಮುಚ್ಚುತ್ತಾ, "ಸಹಿ ಹಾಕೋ ಮುಂಚೆ ಒಂದು ಸಲ ಓದಿದ್ರೆ ಆಗ್ತಿತ್ತು" ಎಂದು ಸೇರಿಸಿದ. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಅದಕ್ಕೇ ಅದು ಹೆಚ್ಚು ನಾಟಿತು.

ಮನೆಯಲ್ಲಿ ಗಂಡ ಎಲ್ಲವನ್ನೂ ಕೇಳಿಸಿಕೊಂಡ. "ಮತ್ತಿನ್ನೇನು? ಅವರು ಹೊಡೆದು ಹಾಕಿದ್ರು ಅಂತ ಜನಕ್ಕೆ ಹೇಳು. ನಿಂದೇನು ತಪ್ಪಿದೆ? ಸುಳ್ಳೇನೂ ಅಲ್ಲವಲ್ಲ."

"ಸುಳ್ಳಲ್ಲ ರೀ, ಆದ್ರೆ ಅರ್ಧವೇ ನಿಜ" ಎಂದಳು. "ಬರೆದದ್ದನ್ನ ಓದಿ ಅಂತ ಕೇಳ್ಬೇಕು ಅಂತ ನನಗೆ ಅವತ್ತೇ ಬಾಯಿ ತನಕ ಬಂದಿತ್ತು. ಚರಂಡಿ ಕೈತಪ್ಪುತ್ತೆ ಅಂತ ನುಂಗ್ಕೊಂಡೆ."

ಕಾಜಕ್ಕನ ಮಗಳು ಮಾರ್ಕೆಟ್ಟಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಪ್ಪತ್ತೈದರ ಹುಡುಗಿ, ತಾಯಿಯ ಮುಖ, ಆದರೆ ತಾಯಿಯ ನಗು ಇಲ್ಲ. ಟೈಲರಮ್ಮ ಅವಳ ಮನೆಗೆ ಹೋದಾಗ ಅವಳು ತಾಯಿಯ ಬಟ್ಟೆಗಳನ್ನು ಒಂದು ಪೆಟ್ಟಿಗೆಗೆ ತುಂಬುತ್ತಿದ್ದಳು. ಕೂತ್ಕೊಳ್ಳಿ ಎನ್ನಲಿಲ್ಲ. ಟೈಲರಮ್ಮ ನಿಂತುಕೊಂಡೇ ಷರತ್ತಿನ ಕತೆ, ಹೊಡೆದು ಹಾಕಿದ ಕತೆ ಹೇಳಿದಳು. ಹುಡುಗಿ ಪೂರ್ತಿ ಕೇಳಿ, "ಅದೆಲ್ಲ ಬಿಡಿ ಚಿಕ್ಕಮ್ಮ. ನೀವು ಕೈ ಎತ್ತಿದ್ರಾ, ಇಲ್ವಾ?" ಎಂದಳು.

"ಎತ್ತಿದೆ."

"ಅವತ್ತು ಬೆಳಿಗ್ಗೆ ಸೇತುವೆ ಮೇಲೆ ಹೋಗು ಅಂತ ಅಮ್ಮನಿಗೆ ಹೇಳಿದ್ರಾ?"

ಹುಡುಗಿ ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೆ ಎರಡೂ ಕೈಯಿಟ್ಟು ಕುಳಿತಳು. ಹೋಗಿ ಎಂದೂ ಹೇಳಲಿಲ್ಲ. ಟೈಲರಮ್ಮ ತಾನಾಗಿಯೇ ಹೊರಬಂದಳು.

ಒಮ್ಮೆ ಪಾಸಾದ ಠರಾವನ್ನು ಮತ್ತೆ ಸಭೆಗೆ ತರಬೇಕಾದರೆ ಮೂರನೇ ಒಂದು ಭಾಗ ಸದಸ್ಯರ ಸಹಿ ಬೇಕು. ಇಪ್ಪತ್ತಮೂರರಲ್ಲಿ ಎಂಟು. ಟೈಲರಮ್ಮ ಅಂಗಡಿಗೆ ಬಾಗಿಲು ಹಾಕಿ ಮನೆಮನೆ ಹತ್ತಿದಳು. ಒಬ್ಬರಿಗೆ ಮೈ ಹುಷಾರಿರಲಿಲ್ಲ. ಒಬ್ಬರು ಬಚ್ಚಲಲ್ಲಿದ್ದರು, ಒಂದು ಗಂಟೆ ಕಾದರೂ ಬಚ್ಚಲಿನಿಂದ ಹೊರಬರಲಿಲ್ಲ. ಮೊದಲು ಸಹಿ ಹಾಕಿದವರು ನಿವೃತ್ತ ಮೇಷ್ಟ್ರು, ಆರನೇ ವಾರ್ಡಿನವರು. ಪೆನ್ನಿನ ಮುಚ್ಚಳ ತೆಗೆದು ಅವರು ಬಹಳ ಹೊತ್ತು ಕಾಗದ ಓದಿದರು. "ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಓದಿ ಉತ್ತರ ಬರೀರಿ ಅಂತ ಬೈದವನು ನಾನು" ಎಂದರು. "ಆ ಪುಸ್ತಕಕ್ಕೆ ನಾನೂ ಓದದೇ ಸಹಿ ಹಾಕಿದ್ದೀನಮ್ಮ." ಎರಡು ವಾರಕ್ಕೆ ಎಂಟು ಸಹಿಯಾಯಿತು.

ಠರಾವು ಮತ್ತೆ ಸಭೆಗೆ ಬಂದ ದಿನ ಸಭಾಂಗಣದ ಹಿಂಬದಿಯ ಬೆಂಚುಗಳಲ್ಲಿ ಬಡಾವಣೆಯ ಇಪ್ಪತ್ತು ಹೆಂಗಸರು ಬಂದು ಕುಳಿತಿದ್ದರು. ಕಾಜಕ್ಕನ ಮಗಳು ಕಿಟಕಿಯ ಪಕ್ಕ ಒಬ್ಬಳೇ ನಿಂತಿದ್ದಳು. ಟೈಲರಮ್ಮ ಎದ್ದು, ಷರತ್ತು ಹೇಗೆ ಬಂತು, ಹೇಗೆ ಹೋಯಿತು ಎಂದು ಹೇಳಿದಳು. ಗುಮಾಸ್ತನ ಹೆಸರೆತ್ತಲಿಲ್ಲ.

ಅಧ್ಯಕ್ಷರು ಪುಸ್ತಕ ಎತ್ತಿ ಹಿಡಿದರು. "ಇದೇನಮ್ಮ ಇದು? ನಿಮ್ಮ ಸಹಿ ಅಲ್ವಾ? ಸಹಿ ಹಾಕಿ ಈಗ ಇಲ್ಲ ಅಂದ್ರೆ ಹೇಗೆ?"

"ನನ್ನದೇ ಸಹಿ" ಎಂದಳು. "ಓದದೇ ಹಾಕಿದ್ದು. ಷರತ್ತು ಬರ್ಕೊಂಡ್ರೋ ಇಲ್ವೋ ನೋಡ್ಬೇಕಾಗಿತ್ತು, ನೋಡ್ಲಿಲ್ಲ. ಚರಂಡಿ ಬೇಕಾಗಿತ್ತು, ಅದಕ್ಕೆ ಕೈ ಎತ್ತಿದೆ. ಇದನ್ನೂ ಬರ್ಕೊಳ್ಳಿ."

ಗುಮಾಸ್ತ ಬರೆದುಕೊಂಡ. ಅಧ್ಯಕ್ಷರು, "ಮುಂದಿನ ವಿಷಯ" ಎಂದರು.

"ಇಲ್ಲ ಸಾರ್. ಏನು ಬರ್ಕೊಂಡ್ರು ಅಂತ ಮೊದಲು ಓದಿ ಹೇಳ್ಲಿ. ಅಲ್ಲೀವರೆಗೂ ನಾನು ಕೂರಲ್ಲ."

"ಕೂತ್ಕೊಳ್ರೀ!"

ಅವಳು ಕೂರಲಿಲ್ಲ. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಯಾರೋ ಕೆಮ್ಮಿದರು. ಫ್ಯಾನು ತಿರುಗುತ್ತಿತ್ತು. ಮೇಷ್ಟ್ರೂ ಎದ್ದುನಿಂತರು. ಆಮೇಲೆ ಇನ್ನಿಬ್ಬರು. ಕೊನೆಗೆ ಗುಮಾಸ್ತ, ಯಾರ ಅಪ್ಪಣೆಗೂ ಕಾಯದೆ, ತನ್ನ ಹಾಳೆ ಎತ್ತಿಕೊಂಡು ಓದಿದ. ಷರತ್ತಿನ ಮಾತು, ಅಧ್ಯಕ್ಷರು ಒಪ್ಪಿದ ಮಾತು, ಅದು ನಡಾವಳಿಯಲ್ಲಿ ಬಿಟ್ಟುಹೋದ ಮಾತು, ಓದದೇ ಸಹಿ ಹಾಕಿದ ಮಾತು, ಚರಂಡಿಯ ಮಾತು, ಒಂದಕ್ಷರವೂ ಬಿಡದೆ.

ಮತಕ್ಕೆ ಹಾಕಿದರು. ಒಪ್ಪಿಗೆ ಹಿಂತೆಗೆದುಕೊಳ್ಳಬೇಕು ಎಂಬುದಕ್ಕೆ ಹತ್ತು ಕೈ, ಬೇಡ ಎಂಬುದಕ್ಕೆ ಹನ್ನೊಂದು. ಪಾಸಣ್ಣ ಎರಡಕ್ಕೂ ಕೈ ಎತ್ತಲಿಲ್ಲ. ಮೇಜಿನ ಮೇಲೆ ಕೈಗಳನ್ನು ಬೋರಲು ಹಾಕಿಕೊಂಡು ಅವನ್ನೇ ನೋಡುತ್ತಾ ಕುಳಿತಿದ್ದರು. ಒಂದು ಮತದಿಂದ ಸೋಲು.

ಸೋತದ್ದು ಸಭೆಯಲ್ಲಿ. ಆದರೆ ಓದಿದ ಮಾತು ಪುಸ್ತಕಕ್ಕೆ ಬಿದ್ದಾಗಿತ್ತು, ಈ ಸಲ ಅದನ್ನು ಹೊಡೆದು ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಕಾಜಕ್ಕನ ಮಗಳು ಅದರ ದೃಢೀಕೃತ ನಕಲು ತೆಗೆಸಿಕೊಂಡು ಕೋರ್ಟಿಗೆ ಹೋದಳು. ವಕೀಲರನ್ನು ಹುಡುಕಿದ್ದು, ಅಲೆದದ್ದು ಎಲ್ಲ ಅವಳೇ. ಟೈಲರಮ್ಮ ಸಾಕ್ಷಿ ಹೇಳಲು ಎರಡು ಸಲ ಹೋದಳು. ಎರಡು ಸಲವೂ ಹುಡುಗಿ ಕಾರಿಡಾರಿನ ಆ ತುದಿಯ ಬೆಂಚಿನಲ್ಲಿ ಕುಳಿತಳು. ಕೆಳಸೇತುವೆ ಆಗುವವರೆಗೆ ನಡೆದು ಹೋಗುವವರಿಗಾಗಿ ಗೇಟು ತೆರೆದು ಕಾವಲಿನವರನ್ನು ಇಡಬೇಕೆಂದು ಆದೇಶವಾಯಿತು. ಆದೇಶ ಬಂದು ಗೇಟು ತೆರೆಯಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ಅದೇ ಸಂದಿನಲ್ಲಿ ಪತ್ರಿಕೆ ಹಂಚುವವನೊಬ್ಬ ರೈಲಿಗೆ ಸಿಕ್ಕಿ ಹೋದ. ಸೈಕಲ್ಲನ್ನು ಹೆಗಲ ಮೇಲೆತ್ತಿಕೊಂಡು ದಾಟುತ್ತಿದ್ದನಂತೆ. ಅವನ ಹೆಂಡತಿ ಟೈಲರಮ್ಮನ ಅಂಗಡಿಯ ಮುಂದೆ ಬಂದು ನಿಲ್ಲಲಿಲ್ಲ. ಬಂದಿದ್ದರೆ ಅವಳಿಗೆ ಏನು ಹೇಳಬೇಕಾಗಿತ್ತು ಎಂದು ಟೈಲರಮ್ಮ ಎಷ್ಟೋ ದಿನ ಯಂತ್ರ ತುಳಿಯುತ್ತಾ ಯೋಚಿಸಿದಳು.

ಮುಂದಿನ ಚುನಾವಣೆಗೆ ಗಂಡ ಬೇಡವೆಂದರೂ ನಿಂತಳು. ಸಿಕ್ಕಿದ್ದು ನೂರ ಹನ್ನೆರಡು ಮತ. ಚರಂಡಿ ಆದ ಮೂರನೇ ಬೀದಿಯೂ ಕೈಬಿಟ್ಟಿತ್ತು. ಕೈ ಎತ್ತಿದ್ದನ್ನು ಒಪ್ಪಿಕೊಂಡವಳು ಅವಳೊಬ್ಬಳೇ, ಹಾಗಾಗಿ ಜನರ ನೆನಪಿನಲ್ಲಿ ಕೈ ಎತ್ತಿದವಳೂ ಅವಳೊಬ್ಬಳೇ ಉಳಿದಳು. ಮಿಕ್ಕ ಇಪ್ಪತ್ತೆರಡು ಕೈಗಳನ್ನು ಯಾರೂ ಕೇಳಲಿಲ್ಲ. ಅವುಗಳಲ್ಲಿ ಹದಿನೈದು ಮತ್ತೆ ಗೆದ್ದು ಬಂದವು, ಪಾಸಣ್ಣ ಅಧ್ಯಕ್ಷರಾದರು. ಫಲಿತಾಂಶದ ದಿನ ಅತ್ತೆ ಹಾಸಿಗೆಯಿಂದಲೇ ಸೊಸೆಯನ್ನು ಹತ್ತಿರ ಕರೆದರು. "ನೂರ ಹನ್ನೆರಡು ಜನಕ್ಕಾದ್ರೂ ನಿನ್ನ ಮಾತು ಅರ್ಥ ಆಗಿದೆಯಲ್ಲ. ನನಗೇ ಇನ್ನೂ ಪೂರ್ತಿ ಆಗಿಲ್ಲ" ಎಂದು ಕೈ ಸವರಿದರು.

ಕೆಳಸೇತುವೆ ನಾಲ್ಕನೇ ವರ್ಷಕ್ಕೆ ಮುಗಿಯಿತು. ಉದ್ಘಾಟನೆಗೆ ಟೈಲರಮ್ಮನಿಗೆ ಕರೆ ಬರಲಿಲ್ಲ, ಅವಳೂ ನಿರೀಕ್ಷಿಸಿರಲಿಲ್ಲ. ಈಗ ಶಾಲೆಯ ಅಂಗಿಗಳನ್ನು ತಾನೇ ಹೊತ್ತುಕೊಂಡು ಆ ದಾರಿಯಲ್ಲಿ ಹೋಗಿ ಬರುತ್ತಾಳೆ. ಕಾಜಾ ಕೆಲಸಕ್ಕೆ ಇನ್ನೊಬ್ಬರನ್ನು ಇಟ್ಟುಕೊಳ್ಳಲಿಲ್ಲ. ಅದೊಂದನ್ನು ಹೊರಗಡೆ ಯಂತ್ರದಲ್ಲಿ ಮಾಡಿಸುತ್ತಾಳೆ.

ಕಾಜಕ್ಕನ ಮಗಳು ಮದುವೆಯಾಗಿ ಬೇರೆ ವಾರ್ಡಿಗೆ ಹೋದಳು. ಕಳೆದ ವರ್ಷ ಇಬ್ಬರೂ ಕಣ್ಣಾಸ್ಪತ್ರೆಯಲ್ಲಿ ಎದುರಾದರು. ಟೈಲರಮ್ಮನಿಗೆ ಸೂಜಿಯ ಕಣ್ಣು ಕಾಣುವುದು ಕಷ್ಟವಾಗಿತ್ತು. ಹುಡುಗಿ ತನ್ನ ಪುಟ್ಟ ಮಗಳನ್ನು ಕರೆತಂದಿದ್ದಳು. ಬೆಂಚಿನಲ್ಲಿ ಖಾಲಿಯಿದ್ದದ್ದು ಟೈಲರಮ್ಮನ ಪಕ್ಕದ ಜಾಗ ಒಂದೇ. ಸ್ವಲ್ಪ ಹೊತ್ತು ನಿಂತಿದ್ದವಳು ಬಂದು ಕುಳಿತಳು. ಮಗು ಇಬ್ಬರ ಮುಖವನ್ನೂ ನೋಡಿ, ತನ್ನ ಚಪ್ಪಲಿಯ ಪಟ್ಟಿ ಎಳೆಯುತ್ತಾ ಕುಳಿತಿತು.

ಹುಡುಗಿ ಗೋಡೆಯ ಕಡೆ ನೋಡುತ್ತಲೇ ಮಾತಾಡಿದಳು. "ಕೋರ್ಟಲ್ಲಿ ನಿಮ್ಮ ಮಾತನ್ನ ಓದಿದ್ರು ಚಿಕ್ಕಮ್ಮ. ಅದರಿಂದಲೇ ಗೇಟು ತೆರೀತು. ನನಗೆ ಗೊತ್ತು."

ಟೈಲರಮ್ಮ ತನ್ನ ಟೋಕನ್ ಚೀಟಿಯನ್ನು ಮಡಿಸಿದಳು.

"ಅಮ್ಮ ಇದ್ದಿದ್ರೆ ನಿಮ್ಮನ್ನ ಯಾವತ್ತೋ ಕ್ಷಮಿಸಿ, ನಕ್ಕು, ಮರೆತೂ ಬಿಡ್ತಿದ್ಲು. ಆದ್ರೆ ನಾನು ಅಮ್ಮ ಅಲ್ಲ."

"ಹೌದಮ್ಮ" ಎಂದಳು ಟೈಲರಮ್ಮ.

ಒಳಗಿನಿಂದ ಟೋಕನ್ ನಂಬರ್ ಕೂಗಿದರು. ಹುಡುಗಿಯದೇ. ಅವಳು ಮಗುವನ್ನು ಎತ್ತಿಕೊಂಡು, ಚೀಟಿ ಹುಡುಕಿಕೊಂಡು, ಒಳಗೆ ಹೋದಳು.